ಬಾವಿಯ ತಳ ಕಾಣುವಾಗ ಮರ ಚಿಗುರುವುದು ಹೇಗೆ?

ಚೈತ್ರ, ವೈಶಾಖ ವಸಂತ ಋತು, ಮರ ಚಿಗುರುತ್ತದೆ, ಕೋಗಿಲೆ ಕೂಗುತ್ತದೆ. ಇದನ್ನು ಶಾಲೆಯಲ್ಲಿ ಎಲ್ಲರೂ ಬಾಯಿಪಾಠ ಮಾಡಿದ್ದೇವೆ. ಅದರೊಳಗೆ ಇರುವ ವಿಚಿತ್ರವನ್ನು ಮಾತ್ರ ಯಾರೂ ಕೇಳುವುದಿಲ್ಲ. ಮಲೆನಾಡಿನಲ್ಲಿ ಮಳೆ ಸುರಿಯುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿ.ಮೀ.ಗೂ ಜಾಸ್ತಿ ಬೀಳುತ್ತದೆ, ಅದರಲ್ಲಿ ಬಹುಪಾಲು ಈ ನಾಲ್ಕು ತಿಂಗಳಲ್ಲೇ. ಅಂದರೆ ಮಾರ್ಚ್ ಬರುವಷ್ಟರಲ್ಲಿ ಮಳೆ ಹೋಗಿ ನಾಲ್ಕೈದು ತಿಂಗಳಾಗಿರುತ್ತದೆ. ಬಾವಿಯ ಹಗ್ಗಕ್ಕೆ ಇನ್ನೊಂದು ತುಂಡು ಕಟ್ಟಬೇಕು, ಹಳ್ಳ ಅಲ್ಲಲ್ಲಿ ಗುಂಡಿಯಾಗಿ ನಿಂತಿರುತ್ತದೆ, ಗದ್ದೆ ಬಿರುಕು ಬಿಟ್ಟಿರುತ್ತದೆ. ಸರಿಯಾಗಿ ಅದೇ ಹೊತ್ತಿಗೆ ಮನೆ ಹಿಂದಿನ ಹೊಂಗೆ ಮರ ಪೂರ್ತಿ ಎಲೆ ಉದುರಿಸಿ, ಎರಡು ಮೂರು ವಾರದಲ್ಲಿ ಮೈತುಂಬ ಹೊಳೆಯುವ ಹಸಿರು ಹೊದ್ದು ನಿಲ್ಲುತ್ತದೆ.

ನೀರೇ ಇಲ್ಲದಾಗ ಎಲ್ಲಿಂದ ಬಂತು ಈ ಚಿಗುರು? ಇಷ್ಟಕ್ಕೂ ಮಳೆ ಬರುವವರೆಗೆ ಕಾಯಬಹುದಿತ್ತಲ್ಲ, ಅವಸರ ಏನಿತ್ತು?

ಚಳಿ ದೇಶಗಳ ಕಥೆ ಬೇರೆ. ಅಲ್ಲಿ ಹಿಮ ಕರಗಿ, ನೆಲ ಬೆಚ್ಚಗಾಗಿ, ನೀರು ಸಿಕ್ಕ ಮೇಲೆ ಚಿಗುರು. ನಮ್ಮಲ್ಲಿ ತಿರುಗಾಮುರುಗಾ. ಮುಂಗಾರು ನಂಬಿ ಬದುಕುವ ಏಷ್ಯಾದ ಬಹಳಷ್ಟು ಕಾಡುಗಳಲ್ಲಿ ಇದೇ ಕತೆ, ಒಣಗಾಲದ ನಡುವೆಯೇ ಹೊಸ ಎಲೆ ಬರುತ್ತದೆ. ಸಸ್ಯವಿಜ್ಞಾನಿಗಳೂ ಈ ಬಗ್ಗೆ ಬಹಳ ಕಾಲ ತಲೆ ಕೆಡಿಸಿಕೊಂಡಿದ್ದಾರೆ.

ಮೊದಲು ನೀರಿನ ವಿಷಯ. ನೆಲದ ಮೇಲೆ ನಿಂತು ನೋಡುವ ನಮಗೆ ಒಣಗಿ ಕಾಣುವುದು ಮೇಲ್ಮಣ್ಣು. ದೊಡ್ಡ ಮರದ ಬೇರು ಇನ್ನೂ ಆಳದಲ್ಲಿರುತ್ತದೆ, ಅಲ್ಲಿ ಹೋದ ವರ್ಷದ ಮಳೆಯ ತೇವ ಇನ್ನೂ ಉಳಿದಿರುತ್ತದೆ. ಆದರೆ ಹಳೆ ಎಲೆ ಇರುವಷ್ಟು ದಿನ ಬೇರು ಎಳೆದದ್ದೆಲ್ಲ ಎಲೆಯಿಂದ ಆವಿಯಾಗಿ ಹೋಗುತ್ತಿರುತ್ತದೆ. ಅದೂ ಆರೇಳು ತಿಂಗಳು ದುಡಿದ, ಹುಳ ತಿಂದ, ತೂತು ಬಿದ್ದ ಎಲೆ, ನೀರನ್ನು ಬಿಗಿಹಿಡಿಯುವ ತಾಕತ್ತೂ ಅದಕ್ಕೆ ಉಳಿದಿರುವುದಿಲ್ಲ. ಹಾಗಾಗಿ ಮರ ಅದನ್ನು ಕೆಡವುತ್ತದೆ. ಎಲೆ ಬಿದ್ದ ಕೂಡಲೇ ಖರ್ಚು ನಿಲ್ಲುತ್ತದೆ, ಆದರೆ ಬೇರು ನೀರೆಳೆಯುವುದು ನಿಲ್ಲುವುದಿಲ್ಲ. ತೂತು ಮುಚ್ಚಿದ ಹಂಡೆಗೆ ಸಣ್ಣ ನಲ್ಲಿ ಬಿಟ್ಟ ಹಾಗೆ, ಕೆಲವೇ ದಿನದಲ್ಲಿ ಕಾಂಡ, ಕೊಂಬೆ ಎಲ್ಲ ಮತ್ತೆ ನೀರು ತುಂಬಿಕೊಳ್ಳುತ್ತವೆ. ಮೊಗ್ಗು ಒಡೆಯಲು ಬೇಕಾಗುವುದು ಈ ಒತ್ತಡವೇ. ನಮಗೆ ಬೋಳಾಗಿ, ಸತ್ತ ಹಾಗೆ ಕಾಣುವ ಮರ ನಿಜಕ್ಕೂ ಆ ವಾರಗಳಲ್ಲಿ ನೀರು ಜಮಾ ಮಾಡುತ್ತಾ ಇರುತ್ತದೆ.

ಇದಕ್ಕೆ ನಮ್ಮ ಕಾಡಿನಲ್ಲೇ ಒಂದು ದೊಡ್ಡ ಸಾಕ್ಷಿ ಇದೆ, ಮತ್ತಿ ಮರ. ಮೊಸಳೆಯ ಮೈ ಥರ ಚೌಕ ಚೌಕ ಸೀಳಿದ ತೊಗಟೆ, ನೋಡಿದ ಕೂಡಲೇ ಗುರುತು ಸಿಗುತ್ತದೆ. ಕೆಲವು ಮತ್ತಿ ಮರಗಳು ಒಣಗಾಲದಲ್ಲಿ ಕಾಂಡದೊಳಗೆ ನೀರು ತುಂಬಿಟ್ಟುಕೊಳ್ಳುತ್ತವೆ, ಕಚ್ಚು ಹಾಕಿದರೆ ಸುರಿಯುತ್ತದೆ. ಕಾಡಿನ ಜನಕ್ಕೆ ಇದು ಹಿಂದಿನಿಂದಲೂ ಗೊತ್ತು. ಹಾಗಂತ ಪರೀಕ್ಷೆ ಮಾಡಲು ಕತ್ತಿ ತಗೊಂಡು ಹೋಗಬೇಡಿ. ಎಲ್ಲ ಮತ್ತಿಯಲ್ಲೂ ನೀರಿರುವುದಿಲ್ಲ, ಸುಮ್ನೆ ಮರಕ್ಕೆ ಗಾಯ.

ಈಗ ಅವಸರದ ವಿಷಯ. ನೀರು ಇದೆ ಸರಿ, ಆದರೆ ಇವತ್ತೇ ಚಿಗುರಬೇಕು ಅಂತ ಮರಕ್ಕೆ ಹೇಳುವವರು ಯಾರು? ಬಹಳ ಮರಗಳಲ್ಲಿ ಉತ್ತರ ಹಗಲಿನ ಉದ್ದ. ನಾವಿರುವುದು ಉತ್ತರಕ್ಕೆ ಸುಮಾರು 14 ಡಿಗ್ರಿ ಅಕ್ಷಾಂಶದಲ್ಲಿ. ಇಲ್ಲಿ ಡಿಸೆಂಬರ್ ಕೊನೆಯ ಹಗಲಿಗೂ ಜೂನ್ ಕೊನೆಯ ಹಗಲಿಗೂ ಒಂದೂವರೆ ಗಂಟೆಗಿಂತ ಸ್ವಲ್ಪ ಜಾಸ್ತಿ ವ್ಯತ್ಯಾಸ, ಅಷ್ಟೇ. ಮನುಷ್ಯರಿಗೆ ಅದು ಹೆಚ್ಚುಕಮ್ಮಿ ಗೊತ್ತೇ ಆಗುವುದಿಲ್ಲ. ಆದರೆ ಡಿಸೆಂಬರ್ ದಾಟಿ ಹಗಲು ಅರ್ಧ ಗಂಟೆಯಷ್ಟು ಉದ್ದವಾದರೂ ಸಾಕು, ಅದನ್ನು ಗುರುತಿಸಿ ಮೊಗ್ಗು ಬಿಚ್ಚುವ ಮರಗಳಿವೆ. ಎಲೆ, ಮೊಗ್ಗುಗಳಲ್ಲಿ ಬೆಳಕನ್ನು ಅಳೆಯುವ ವರ್ಣದ್ರವ್ಯಗಳಿವೆ, ರಾತ್ರಿ ಎಷ್ಟು ಹೊತ್ತು ಇತ್ತು ಎನ್ನುವುದು ಅವುಗಳಿಂದ ಗೊತ್ತಾಗುತ್ತದೆ. ಮಳೆ ಮೋಸ ಮಾಡಬಹುದು, ಚಳಿ ಹಿಂದೆ ಮುಂದೆ ಆಗಬಹುದು, ಸೂರ್ಯ ಮಾತ್ರ ವರ್ಷಕ್ಕೊಮ್ಮೆ ಅದೇ ದಿನ ಅದೇ ಜಾಗಕ್ಕೆ ಬರುತ್ತಾನೆ. ಹಾಗಾಗಿಯೇ ಒಂದು ಜಾತಿಯ ಮರಗಳು ಹೆಚ್ಚುಕಮ್ಮಿ ಒಟ್ಟಿಗೆ, ವರ್ಷ ವರ್ಷವೂ ಹೆಚ್ಚುಕಮ್ಮಿ ಅದೇ ಹೊತ್ತಿಗೆ ಚಿಗುರುವುದು. ಅಕ್ಕಪಕ್ಕದ ಎರಡು ಅರಳಿ ಮರಗಳ ನಡುವೆ ಹದಿನೈದು ದಿನದ ವ್ಯತ್ಯಾಸ ಕಂಡರೆ ಗಾಬರಿ ಬೇಡ, ಬೇರಿನ ಆಳ, ಮಣ್ಣು, ಮರದ ಹುಟ್ಟುಗುಣ ಇವೂ ಲೆಕ್ಕಕ್ಕೆ ಬರುತ್ತವೆ.

ಮಳೆಗೆ ಮೊದಲೇ ಚಿಗುರುವುದರಲ್ಲಿ ಮರಕ್ಕೆ ಲಾಭ ಎರಡು. ಒಂದು, ಬಿಸಿಲು. ಎಲೆಯ ಕೆಲಸ ಬಿಸಿಲಿನಲ್ಲಿ ಅಡುಗೆ ಮಾಡುವುದು. ಜುಲೈ ತಿಂಗಳಲ್ಲಿ ತೀರ್ಥಹಳ್ಳಿ, ಹೊಸನಗರದ ಕಡೆ ವಾರಗಟ್ಟಲೆ ಸೂರ್ಯನ ಮುಖ ಕಾಣುವುದಿಲ್ಲ, ಬಟ್ಟೆ ಒಣಗಿಸಲು ಒಲೆಯೇ ಗತಿ. ಮಾರ್ಚ್‌ನಿಂದ ಮೇವರೆಗಿನ ಬಿಸಿಲು ಸಿಗಬೇಕಾದರೆ ಎಲೆ ಈಗಲೇ ತಯಾರಾಗಿರಬೇಕು. ಎರಡನೆಯದು, ಹುಳ. ಎಳೆ ಚಿಗುರೆಂದರೆ ಎಲ್ಲ ಕಂಬಳಿಹುಳಕ್ಕೂ ಇಷ್ಟ, ಮೆತ್ತಗೆ, ನಾರಿಲ್ಲದೆ, ಸಾರ ತುಂಬಿರುತ್ತದೆ. ಹುಳಗಳ ಸಂಖ್ಯೆ ಏರುವುದು ಮಳೆ ಬಿದ್ದ ಮೇಲೆ. ಅವು ಬರುವಷ್ಟರಲ್ಲಿ ಎಲೆ ಬಲಿತು ಗಡುಸಾಗಿದ್ದರೆ ಮರ ಗೆದ್ದ ಹಾಗೆ.

ಆದರೂ ಒಣಗಾಲದಲ್ಲಿ ಹುಳ ಇಲ್ಲವೇ ಇಲ್ಲ ಅಂತಲ್ಲ. ಅದಕ್ಕೇ ಕೆಂಪು ಚಿಗುರು. ಮಾವು, ನೇರಳೆ, ದಾಲ್ಚಿನ್ನಿ, ನಾಗಸಂಪಿಗೆ, ಸಾಗಡೆ ಇವುಗಳ ಎಳೆ ಎಲೆ ನೋಡಿ, ತಾಮ್ರದ ಬಣ್ಣದಿಂದ ಹಿಡಿದು ಕಡುಗೆಂಪಿನವರೆಗೆ ಇರುತ್ತದೆ, ಮತ್ತು ಜೀವವೇ ಇಲ್ಲದ ಹಾಗೆ ಜೋತು ಬಿದ್ದಿರುತ್ತದೆ. ಎಷ್ಟೋ ಜನ ಅದನ್ನು ಹೂವು ಅಂದುಕೊಂಡು ಫೋಟೋ ತೆಗೆಯುತ್ತಾರೆ. ಆ ಬಣ್ಣ ಆಂಥೋಸಯನಿನ್ ಎಂಬ ವರ್ಣದ್ರವ್ಯದ್ದು. ಎಳೆ ಎಲೆಯ ಒಳಗಿನ ಯಂತ್ರ ಇನ್ನೂ ಕುದುರಿರುವುದಿಲ್ಲ, ಮಾರ್ಚ್ ಬಿಸಿಲು ನೇರ ಬಿದ್ದರೆ ಸುಟ್ಟುಹೋಗುತ್ತದೆ, ಈ ಕೆಂಪು ಬಣ್ಣ ಸ್ವಲ್ಪ ಬೆಳಕನ್ನು ತಡೆದು ಅದಕ್ಕೆ ನೆರಳು ಕೊಡುತ್ತದೆ. ಜೋತು ಬೀಳುವುದೂ ಮಧ್ಯಾಹ್ನದ ಬಿಸಿಲು ನೆತ್ತಿಗೆ ಬಡಿಯದಿರಲಿ ಅಂತಲೇ. ಇನ್ನೊಂದು ಜಾಣತನವೂ ಇದೆ. ಹಸಿರು ಬಣ್ಣ ಕೊಡುವ ಪತ್ರಹರಿತ್ತು, ಅದರ ಜೊತೆಗಿನ ಸಾರಜನಕ, ಇವೆಲ್ಲ ಮರಕ್ಕೆ ದುಬಾರಿ ವಸ್ತುಗಳು. ಎಲೆ ಗಡುಸಾಗುವವರೆಗೆ ಅವನ್ನು ಅಲ್ಲಿಗೆ ಕಳಿಸದಿದ್ದರೆ ಹುಳ ತಿಂದರೂ ನಷ್ಟ ಕಮ್ಮಿ. ಅದಕ್ಕೇ ಬಣ್ಣ ಕೆಂಪಿನಿಂದ ಹಳದಿ ಮಿಶ್ರಿತ ಹಸಿರಿಗೆ, ಆಮೇಲೆ ಕಡುಹಸಿರಿಗೆ ನಿಧಾನವಾಗಿ ತಿರುಗುವುದು.

ಹೂವಿನ ಕೆಂಪಿಗೆ ಕಾರಣ ಬೇರೆ. ಬೂರುಗ, ಮುತ್ತುಗ, ಮೆಣಸಿನ ಬಳ್ಳಿ ಹಬ್ಬಿಸುವ ಹಾಲುವಾಣ, ಮೂರೂ ಎಲೆ ಇಲ್ಲದ ಬೋಳು ಕೊಂಬೆಯಲ್ಲಿ ಕೆಂಪಗೆ, ಕೇಸರಿಯಾಗಿ ಹೂ ಬಿಡುತ್ತವೆ. ಇವು ಕರೆಯುತ್ತಿರುವುದು ಹಕ್ಕಿಗಳನ್ನು. ಜೇನಿನ ಕಣ್ಣಿಗೆ ಕೆಂಪು ಅಷ್ಟಾಗಿ ಕಾಣುವುದಿಲ್ಲ, ಹಕ್ಕಿಗೆ ಚೆನ್ನಾಗಿ ಕಾಣುತ್ತದೆ. ಎಲೆಯ ಅಡ್ಡಿ ಇಲ್ಲದಿದ್ದರೆ ಎರಡು ಗುಡ್ಡದ ಆಚೆಯಿಂದಲೂ ಗೊತ್ತಾಗುತ್ತದೆ. ಬಾಯಾರಿದ ಕಾಲದಲ್ಲಿ ಬಟ್ಟಲು ತುಂಬ ಸಿಹಿನೀರು ಇಟ್ಟರೆ ಬಾರದವರು ಯಾರು? ಬೆಳಗ್ಗೆ ಏಳರ ಹೊತ್ತಿಗೆ ಹೂಬಿಟ್ಟ ಬೂರುಗದ ಕೆಳಗೆ ನಿಂತರೆ ಮೈನಾ, ಕಾಜಾಣ, ಕಾಗೆ, ಸೂರಕ್ಕಿ, ಅಳಿಲು ಎಲ್ಲ ಒಂದೇ ಮರದಲ್ಲಿ ಕಿತ್ತಾಡುವುದನ್ನು ನೋಡಬಹುದು. ಪ್ರತಿಯೊಬ್ಬರ ಮುಖಕ್ಕೂ ಪರಾಗ ಮೆತ್ತಿರುತ್ತದೆ.

ಮಾವಿಗೆ ಬರೋಣ, ಯಾಕೆಂದರೆ ಮಾವಿನ ಲೆಕ್ಕವೇ ಬೇರೆ. ಜನವರಿ ಫೆಬ್ರವರಿಯ ಹೂವನ್ನು ನೋಡಿ ನಾವು ಬೇಸಿಗೆ ಬಂತು ಅಂತೀವಿ, ಆದರೆ ಆ ಹೂವಿನ ತೀರ್ಮಾನ ಆಗಿದ್ದು ಅದಕ್ಕೂ ಮೊದಲಿನ ಚಳಿಯ ರಾತ್ರಿಗಳಲ್ಲಿ. ಮಾವಿನ ಕೊಂಬೆಯ ತುದಿಯ ಮೊಗ್ಗು ಎಲೆಯೂ ಆಗಬಹುದು, ಹೂವೂ ಆಗಬಹುದು. ಹಿಂದಿನ ಚಿಗುರು ಚೆನ್ನಾಗಿ ಬಲಿತಿದ್ದು, ರಾತ್ರಿಯ ಚಳಿ 20 ಡಿಗ್ರಿಗಿಂತ ಸಾಕಷ್ಟು ಕೆಳಗೆ ಕೆಲವು ವಾರ ನಿಂತರೆ ಆ ಮೊಗ್ಗು ಹೂವಾಗುತ್ತದೆ. ಚಳಿ ಸರಿಯಾಗಿ ಬೀಳಲಿಲ್ಲ, ಅಥವಾ ಅಕಾಲಕ್ಕೆ ಮಳೆ ಬಂತು ಅಂದರೆ ಅದೇ ಮೊಗ್ಗು ಚಿಗುರಾಗಿಬಿಡುತ್ತದೆ. 'ಈ ಸಲ ಬರೀ ಚಿಗುರು ಮಾರಾಯ್ರೆ, ಹೂವೇ ಇಲ್ಲ' ಅನ್ನುವ ಮಾತಿಗೆ ಅರ್ಧ ಕಾರಣ ಇದು. ಇನ್ನರ್ಧ, ಹೋದ ವರ್ಷ ಮೈಮುರಿದು ಕಾಯಿ ಬಿಟ್ಟ ಮರ ಈ ವರ್ಷ ಸುಧಾರಿಸಿಕೊಳ್ಳುತ್ತಿರುವುದು.

ಹೂ ಬಂದರೂ ಕಾಯಿಯ ಗ್ಯಾರಂಟಿ ಇಲ್ಲ. ಒಂದೊಂದು ಗೊಂಚಲಲ್ಲಿ ನೂರಾರು, ಕೆಲವು ಸಲ ಸಾವಿರಾರು ಹೂ. ಅದರಲ್ಲಿ ಬಹಳಷ್ಟು ಬರೀ ಗಂಡು, ಕಾಯಿ ಕಟ್ಟುವುದೇ ಇಲ್ಲ. ಉಳಿದ ದ್ವಿಲಿಂಗಿ ಹೂಗಳಲ್ಲೂ ಹಣ್ಣಿನವರೆಗೆ ನಿಲ್ಲುವುದು ಬೆರಳೆಣಿಕೆಯಷ್ಟು. ಪರಾಗ ಹೊರುವ ಕೆಲಸ ಜಾಸ್ತಿ ಮಾಡುವುದು ಜೇನು ಅಲ್ಲ, ನೊಣಗಳು. ಆ ಹೊತ್ತಿನಲ್ಲಿ ಬೆಳಗಿನ ಮಂಜು ಗಟ್ಟಿಯಾಗಿ ಕವಿದು ಮೋಡ ಮುಚ್ಚಿಕೊಂಡರೆ ಬೂದಿ ರೋಗ ಹತ್ತುತ್ತದೆ, ಜಿಗಿಹುಳ ರಸ ಹೀರಿ ಎಲೆಯೆಲ್ಲ ಅಂಟು ಮಾಡುತ್ತದೆ, ಆ ಅಂಟಿನ ಮೇಲೆ ಕಪ್ಪು ಬೂಷ್ಟು. ಹೂ ಕಪ್ಪಗಾಗಿ ಉದುರಿತು ಅಂದರೆ ದೃಷ್ಟಿಯಲ್ಲ, ಇದು.

ಮಲೆನಾಡಿನವರಿಗೆ ಮಾವಿಗಿಂತ ಮಿಡಿಯೇ ಮುಖ್ಯ ಬಿಡಿ. ಹೊಳೆ ದಂಡೆಯ ಅಪ್ಪೆಮಿಡಿ ಮರಗಳಿಗೆ ಫೆಬ್ರವರಿಯಿಂದಲೇ ಜನ ಕಣ್ಣಿಟ್ಟಿರುತ್ತಾರೆ, ಹೊಸನಗರ ತಾಲ್ಲೂಕಿನ ರಿಪ್ಪನ್‌ಪೇಟೆಯಲ್ಲಿ ಮಿಡಿ ವ್ಯಾಪಾರ ಜೋರಾಗುತ್ತದೆ. ಗೊರಟು ಗಟ್ಟಿಯಾಗುವ ಮೊದಲು, ತೊಟ್ಟಿನ ಸಮೇತ ಕೊಯ್ಯಬೇಕು. ತೊಟ್ಟು ಮುರಿದರೆ ಸೊನೆ ಸೋರುತ್ತದೆ, ಉಪ್ಪಿನಕಾಯಿಗೆ ಪರಿಮಳ ಕೊಡುವುದೂ ಅದನ್ನು ವರ್ಷಗಟ್ಟಲೆ ಕೆಡದೆ ಉಳಿಸುವುದೂ ಆ ಸೊನೆಯೇ. ಎತ್ತರದ ಮರ ಹತ್ತಲಾಗದೆ ಕೊಂಬೆಯನ್ನೇ ಕಡಿದು ಕೆಡವುವವರಿದ್ದಾರೆ. ಇದಕ್ಕಿಂತ ದಡ್ಡ ಕೆಲಸ ಇನ್ನೊಂದಿಲ್ಲ, ಮುಂದಿನ ವರ್ಷದ ಮೊಗ್ಗು ಕೂರುವುದು ಆ ಕೊಂಬೆಯ ತುದಿಯಲ್ಲೇ ಅಲ್ವಾ?

ಹಲಸಿನ ಬಗ್ಗೆ ಒಂದೇ ಮಾತು. ಇದೇ ಸಮಯಕ್ಕೆ ಮರದ ಕೆಳಗೆ ಬೆರಳುದ್ದದ ಮಿಡಿಗಳು ಕಪ್ಪಗೆ ಬೂಷ್ಟು ಹಿಡಿದು ರಾಶಿ ಬಿದ್ದಿರುತ್ತವೆ, ನೋಡಿದವರು ಬೆಳೆ ಹೋಯಿತು ಅಂತ ಹೊಟ್ಟೆ ಉರಿಸಿಕೊಳ್ಳುತ್ತಾರೆ. ಅವು ಗಂಡು ಹೂಗೊಂಚಲು. ಪರಾಗ ಕೊಟ್ಟು ಮುಗಿದ ಮೇಲೆ ಬೀಳಲೇಬೇಕು. ಹಣ್ಣಾಗುವ ಹೆಣ್ಣು ಗೊಂಚಲು ಕಾಂಡದಲ್ಲಿ, ದಪ್ಪ ಕೊಂಬೆಯಲ್ಲಿ, ಗಟ್ಟಿ ತೊಟ್ಟಿಗೆ ಅಂಟಿಕೊಂಡಿರುತ್ತದೆ. ಹತ್ತಿಪ್ಪತ್ತು ಕೆ.ಜಿ. ತೂಗುವ ಕಾಯಿಯನ್ನು ತೆಳು ರೆಂಬೆ ಹೊರುವುದುಂಟೇ?

ಕಾಫಿ ಗಿಡ ಇವೆಲ್ಲಕ್ಕಿಂತ ತಮಾಷೆ. ಅದರ ಮೊಗ್ಗು ಬೇಸಿಗೆಯ ಮೊದಲೇ ಗೆಣ್ಣುಗಳಲ್ಲಿ ಕೂತಿರುತ್ತದೆ, ಆದರೆ ಅಲ್ಲೇ ನಿದ್ದೆ. ಅದು ಏಳಬೇಕಾದರೆ ಮೊದಲು ಗಿಡ ಚೆನ್ನಾಗಿ ಬಾಯಾರಬೇಕು, ಆಮೇಲೆ ಇದ್ದಕ್ಕಿದ್ದಂತೆ ನೀರು ಸಿಗಬೇಕು. ಎರಡೂ ಬೇಕು, ಒಂದೇ ಆದರೆ ಆಗದು. ಫೆಬ್ರವರಿ ಕೊನೆಯಿಂದ ಏಪ್ರಿಲ್ ಒಳಗೆ ಒಂದು ಇಂಚು, ಅಂದರೆ 25 ಮಿ.ಮೀ. ಆಸುಪಾಸು ಮಳೆ ಬಿದ್ದರೆ ಅದೇ ಹೂಮಳೆ. ಅಲ್ಲಿಂದ ಏಳರಿಂದ ಹತ್ತು ದಿನದೊಳಗೆ ತೋಟ ಪೂರ್ತಿ ಒಟ್ಟಿಗೆ ಬೆಳ್ಳಗಾಗುತ್ತದೆ, ಮೂರು ನಾಲ್ಕು ದಿನ ಮಲ್ಲಿಗೆಯಂಥ ವಾಸನೆ, ಮತ್ತೆ ಎಲ್ಲ ಕಂದು. ರೊಬಸ್ಟಾಗೆ ಬೇರೆ ಗಿಡದ ಪರಾಗವೇ ಬೇಕು, ಹಾಗಾಗಿ ಅಷ್ಟು ದಿನ ಜೇನುಹುಳಗಳಿಗೆ ಪುರುಸೊತ್ತಿರುವುದಿಲ್ಲ. ಅರೇಬಿಕಾ ತನ್ನ ಪರಾಗದಲ್ಲೇ ಸುಧಾರಿಸುತ್ತದೆ. ಮಳೆ ಕಾಲು ಇಂಚು ಬಿದ್ದು ನಿಂತರೆ ಮೊಗ್ಗು ಅರ್ಧ ಎದ್ದು ಅಲ್ಲೇ ಸುಟ್ಟುಹೋಗುತ್ತದೆ, ಬೀಳದೇ ಇದ್ದುದಕ್ಕಿಂತ ಅದೇ ಕೆಟ್ಟದ್ದು. ಹೂ ಆದ ಮೇಲೆ ಎರಡು ಮೂರು ವಾರದಲ್ಲಿ ಇನ್ನೊಂದು ಮಳೆ ಬೇಕು, ಅದಕ್ಕೆ ತೋಟದವರು ಬ್ಯಾಕಿಂಗ್ ಮಳೆ ಅನ್ನುತ್ತಾರೆ. ಈ ಎರಡು ಮಳೆಯನ್ನು ನಂಬಿ ಕೂರಲಾಗದೆ ಹೊಂಡದ ನೀರನ್ನು ಸ್ಪ್ರಿಂಕ್ಲರ್‌ನಲ್ಲಿ ಹಾರಿಸುವವರೇ ಈಗ ಜಾಸ್ತಿ.

ಹೀಗೆ ನೋಡಿದರೆ ಒಂದೇ ಅಂಗಳದಲ್ಲಿ ಮೂರು ಲೆಕ್ಕ ನಡೆಯುತ್ತಿದೆ. ಹೊಂಗೆ, ಅರಳಿಯದ್ದು ಹಗಲಿನ ಲೆಕ್ಕ. ಮಾವಿನದ್ದು ಚಳಿಯ ಲೆಕ್ಕ. ಕಾಫಿಯದ್ದು ಬಾಯಾರಿಕೆ ಮತ್ತು ಮಳೆಯ ಲೆಕ್ಕ. ನಮ್ಮ ಯುಗಾದಿಯದ್ದು ನಾಲ್ಕನೆಯದು, ಚಂದ್ರನ ಲೆಕ್ಕ. ಚಾಂದ್ರಮಾನ ವರ್ಷ ಸೌರ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು, ಅಧಿಕ ಮಾಸ ಸೇರಿಸಿ ಅದನ್ನು ಸರಿಮಾಡುತ್ತಾರೆ. ಅದಕ್ಕೇ ಯುಗಾದಿ 2024ರಲ್ಲಿ ಏಪ್ರಿಲ್ 9ಕ್ಕೆ, 2025ರಲ್ಲಿ ಮಾರ್ಚ್ 30ಕ್ಕೆ, 2026ರಲ್ಲಿ ಮಾರ್ಚ್ 19ಕ್ಕೆ ಬಂತು. ಮರ ಈ ಓಡಾಟಕ್ಕೆ ತಲೆ ಕೆಡಿಸಿಕೊಳ್ಳುವುದಿಲ್ಲ. 'ಈ ವರ್ಷ ಯುಗಾದಿಗೂ ಚಿಗುರಿಲ್ಲ' ಅಂತ ದೂರುವ ಮೊದಲು ಇಂಗ್ಲಿಷ್ ತಾರೀಖು ನೋಡಿ. ರೈತರ ಮಳೆ ನಕ್ಷತ್ರಗಳು ಇದಕ್ಕಿಂತ ನಂಬಿಕಸ್ತ, ಯಾಕೆಂದರೆ ಅವು ಸೂರ್ಯನ ಲೆಕ್ಕದವು. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ, ಅಶ್ವಿನಿ ಯಾವಾಗಲೂ ಏಪ್ರಿಲ್ ಮಧ್ಯಕ್ಕೆ, ಭರಣಿ ಏಪ್ರಿಲ್ ಕೊನೆಗೆ. ಭರಣಿ ಮಳೆ ಸುರಿದರೆ ಧರಣಿಯೆಲ್ಲಾ ಬೆಳೆ ಎಂಬ ಗಾದೆ ಹುಟ್ಟಿದ್ದೂ ಆ ಹೊತ್ತಿನ ಗುಡುಗು ಮಳೆಯ ಮೇಲೆ. ಆಗ ಮಣ್ಣು ನೆಂದರೆ ಉಳುಮೆಗೆ ಹದ ಸಿಗುತ್ತದೆ.

ಹಕ್ಕಿಗಳೂ ಹಗಲಿನ ಪಕ್ಷದವರೇ. ಕೋಗಿಲೆ ಎಲ್ಲಿಂದಲೋ ಬರುವುದಲ್ಲ, ವರ್ಷವಿಡೀ ಇಲ್ಲೇ ಎಲೆಯ ಮರೆಯಲ್ಲಿ ಹಣ್ಣು ತಿಂದುಕೊಂಡು ಸುಮ್ಮನಿರುತ್ತದೆ. ಹಗಲು ಉದ್ದವಾದಾಗ ತಲೆಬುರುಡೆಯನ್ನೂ ದಾಟಿ ಒಳಹೋಗುವ ಬೆಳಕನ್ನು ಹಕ್ಕಿಯ ಮಿದುಳು ನೇರವಾಗಿ ಗುರುತಿಸುತ್ತದೆ, ಹಾರ್ಮೋನು ಏರುತ್ತದೆ, ಗಂಡು ಕೂಗಲು ಶುರು ಮಾಡುತ್ತದೆ. ಹೌದು, ಆ ಇಂಪಿನ ಕುಹೂ ಕಪ್ಪು ಗಂಡಿನದ್ದು. ಹೆಣ್ಣು ಕಂದು ಮೈಗೆ ಬಿಳಿ ಚುಕ್ಕಿಯದು, ಅದರ ದನಿ ಕಿಕ್ ಕಿಕ್ ಅಂತ ಒರಟು. ಕೋಗಿಲೆಯ ಸಮಯ ಕಾಗೆಯ ಸಮಯಕ್ಕೆ ಹೊಂದಿಕೊಂಡಿದೆ. ಕಾಗೆ ಕಡ್ಡಿ ಹೊತ್ತು ಗೂಡು ಕಟ್ಟುವುದು ಕಂಡರೆ ಕೋಗಿಲೆ ಅಲ್ಲೇ ಎಲ್ಲೋ ಹೊಂಚು ಹಾಕಿದೆ ಅಂತಲೇ ಲೆಕ್ಕ. ಅದಕ್ಕೂ ಮೊದಲೇ, ಚಳಿ ಇರುವಾಗಲೇ ದಿನವಿಡೀ ಕುಟ್ರೂ ಕುಟ್ರೂ ಅಂತ ತಲೆ ತಿನ್ನುವುದು ಕುಟ್ರು ಹಕ್ಕಿ. ಒಣಕೊಂಬೆ ಕೊರೆದು ಗೂಡು ಮಾಡುವ ಈ ಹಕ್ಕಿಗೆ ನಾವು ಕೋಗಿಲೆಗೆ ಕೊಡುವ ಮರ್ಯಾದೆಯ ಕಾಲುಭಾಗವೂ ಕೊಟ್ಟಿಲ್ಲ. ನನ್ನ ಪ್ರಕಾರ ಮಲೆನಾಡಿನ ವಸಂತದ ದನಿ ಕುಟ್ರುವಿನದ್ದೇ.

ಚಂದದ ಪಟ್ಟಿಗೆ ಸೇರದ ಒಂದು ಗುರುತೂ ಇದೆ, ಉಣುಗು, ಅಂದರೆ ರಕ್ತ ಹೀರುವ ಉಣ್ಣೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆ ಇದೇ ಒಣಗಾಲದಲ್ಲಿ ಜಾಸ್ತಿಯಾಗುವುದಕ್ಕೂ ಸರಳ ಕಾರಣವಿದೆ. ಉಣುಗಿನ ಮರಿಗಳು ಮಳೆ ಮುಗಿದ ಮೇಲೆ ಹುಟ್ಟಿ, ನವೆಂಬರ್ ಹೊತ್ತಿಗೆ ಎರಡನೇ ಹಂತಕ್ಕೆ ಬರುತ್ತವೆ. ಮನುಷ್ಯರನ್ನು ಕಚ್ಚಿ ವೈರಸ್ ದಾಟಿಸುವುದು ಹೆಚ್ಚಾಗಿ ಈ ಹಂತದವು. ಸಾಸಿವೆ ಕಾಳಿಗಿಂತ ಚಿಕ್ಕವು, ಕಣ್ಣಿಗೆ ಬೀಳುವುದೇ ಕಷ್ಟ. ಮೇವರೆಗೂ ಅವುಗಳ ಓಡಾಟ. ಕೊಟ್ಟಿಗೆಗೆ ಹಾಸಲು, ಅಡಿಕೆ ತೋಟಕ್ಕೆ ಹಾಕಲು ದರಗು ಗುಡಿಸಿ ತರುವುದೂ ಇದೇ ತಿಂಗಳಲ್ಲಿ, ಯಾಕೆಂದರೆ ಎಲೆ ಉದುರುವುದೇ ಈಗ. ಮರದ ಲೆಕ್ಕ, ಉಣುಗಿನ ಲೆಕ್ಕ, ನಮ್ಮ ಕೃಷಿಯ ಲೆಕ್ಕ ಮೂರೂ ಬಂದು ಒಂದೇ ದರಗಿನ ರಾಶಿಯಲ್ಲಿ ಸೇರುತ್ತವೆ. ಹೋಗುವುದೇ ಆದರೆ ಮೈತುಂಬ ಬಟ್ಟೆ, ಕೈಕಾಲಿಗೆ ಉಣುಗು ಹತ್ತದಂತೆ ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆ, ಬಂದ ಕೂಡಲೇ ಬಿಸಿನೀರಿನ ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಕಾಡಂಚಿನಲ್ಲಿ ಮಂಗವೋ ಮುಸಿಯವೋ ಸತ್ತು ಬಿದ್ದಿದ್ದರೆ ಹತ್ತಿರ ಹೋಗಬೇಡಿ. ಹೆಣ ತಣ್ಣಗಾದಂತೆ ಅದರ ಮೈಮೇಲಿನ ಉಣುಗು ಇಳಿದು ಸುತ್ತ ಹರಡಿಕೊಳ್ಳುತ್ತವೆ. ಆಶಾ ಕಾರ್ಯಕರ್ತೆಗೋ ಆರೋಗ್ಯ ಕೇಂದ್ರಕ್ಕೋ ತಿಳಿಸಿ. ಕಾಡಿಗೆ ಹೋಗಿ ಬಂದವರಿಗೆ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಬಿಸಿಲಿನ ಜ್ವರ ಅಂತ ಕೂರದೆ ಆಸ್ಪತ್ರೆಗೆ ಹೋಗಿ, ಕಾಡಿಗೆ ಹೋಗಿದ್ದನ್ನೂ ಹೇಳಿ.

ಇವನ್ನೆಲ್ಲ ನಿಮ್ಮ ಮನೆಯಲ್ಲೇ ಪರೀಕ್ಷಿಸಿ ನೋಡಬೇಕೆಂದರೆ ಗೋಡೆಯ ಕ್ಯಾಲೆಂಡರ್ ಸಾಕು. ಹೊಂಗೆ ಚಿಗುರಿದ ದಿನ, ಮಾವಿನ ಮೊದಲ ಹೂ, ಹೂಮಳೆ ಬಿದ್ದ ದಿನ, ಕೋಗಿಲೆಯ ಮೊದಲ ಕೂಗು, ಇಷ್ಟನ್ನು ಗುರುತು ಹಾಕಿಡಿ, ಹಳೆ ಕ್ಯಾಲೆಂಡರ್ ರದ್ದಿಗೆ ಹಾಕಬೇಡಿ. ಮೂರು ನಾಲ್ಕು ವರ್ಷದ್ದು ಪಕ್ಕ ಪಕ್ಕ ಇಟ್ಟು ನೋಡಿ. ಹೊಂಗೆ ಹೆಚ್ಚುಕಮ್ಮಿ ಅದೇ ವಾರಕ್ಕೆ ಬಂದು ಮಾವು ಮಾತ್ರ ಹಿಂದೆ ಮುಂದೆ ಓಡಾಡಿದ್ದರೆ ಆ ವರ್ಷದ ಡಿಸೆಂಬರ್ ರಾತ್ರಿಗಳು ಹೇಗಿದ್ದವು ಅಂತ ನೆನಪು ಮಾಡಿಕೊಳ್ಳಿ. ಹೊಂಗೆಯೇ ತಡ ಮಾಡಿದ್ದರೆ ಅದರ ಹಿಂದಿನ ಮಳೆಗಾಲ ಹೇಗಿತ್ತು, ಬಾವಿಯಲ್ಲಿ ಎಷ್ಟು ನೀರಿತ್ತು ಎಂಬುದನ್ನು ನೋಡಬೇಕು.